ಸುವಾದಲ್ಲಿ ಕೊಡೆ, ನಾಂದಿಯಲ್ಲಿ ಟೋಪಿ: ಫಿಜಿಯ ಮಳೆ ಕುರಿತು ಓದುಗರ ಪ್ರಶ್ನೆಗಳು

ಪೆಸಿಫಿಕ್ ಸಾಗರದ ನಡುಭಾಗ, ಪೂರ್ವಭಾಗದ ನೀರು ಆಗಾಗ ಬಿಸಿಯೇರುವ ಎಲ್ ನಿನ್ಯೊ ಬಗ್ಗೆ ಹಿಂದೊಮ್ಮೆ ಬರೆದಾಗ, ಫಿಜಿಯ ಲೌಟೋಕಾದಲ್ಲಿ ಭೂಗೋಳದ ಟೀಚರಾಗಿದ್ದೆ ಅಂತ ಒಂದು ಸಾಲು ಸೇರಿಸಿದ್ದೆ. ಅಷ್ಟೇ ಸಾಕಾಯಿತು. ಫಿಜಿಯಲ್ಲಿ ಮಗಳಿರುವವರು, ಮದುವೆಗೆ ಹೊರಟವರು, ಹನಿಮೂನ್ ಲೆಕ್ಕ ಹಾಕುತ್ತಿರುವವರು ಎಲ್ಲರೂ ಬರೆದಿದ್ದಾರೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಫಿಜಿಗೆ.

ಪ್ರಶ್ನೆ: ಮಗಳು ಸುವಾದಲ್ಲಿದ್ದಾಳೆ. ಜುಲೈ ತಿಂಗಳಲ್ಲೂ ಬಟ್ಟೆ ಒಣಗುವುದಿಲ್ಲ ಅಂತಾಳೆ. ಅವಳ ಗೆಳತಿ ನಾಂದಿಯಲ್ಲಿದ್ದಾಳೆ. ಅಲ್ಲಿ ಅದೇ ಜುಲೈನಲ್ಲಿ ಹುಲ್ಲೆಲ್ಲ ಒಣಗಿ ನಿಂತಿದೆಯಂತೆ. ಇಬ್ಬರೂ ಇರುವುದು ಒಂದೇ ದ್ವೀಪದಲ್ಲಿ. ಹಾಗಾದರೆ ಅಲ್ಲಿ ಮಳೆಗಾಲ ಯಾವಾಗ ಟೀಚರ್?

ಪುಸ್ತಕದ ಉತ್ತರ ಹೇಳಿಬಿಡುತ್ತೇನೆ: ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಣಹವೆ. ಚಂಡಮಾರುತಗಳ ಕಾಲವೂ ಅದೇ ನವೆಂಬರ್–ಏಪ್ರಿಲ್. ಆದರೆ ನಿಮ್ಮ ಮಗಳೂ ಸುಳ್ಳು ಹೇಳುತ್ತಿಲ್ಲ, ಅವಳ ಗೆಳತಿಯೂ ಹೇಳುತ್ತಿಲ್ಲ.

ಇಬ್ಬರೂ ಇರುವ ವೀಟಿ ಲೇವು ದ್ವೀಪದ ನಡುವೆ ಬೆಟ್ಟಗಳಿವೆ. ಅವುಗಳಲ್ಲಿ ಎತ್ತರದ ತೊಮಾನಿವಿ 1,324 ಮೀಟರ್. ವರ್ಷದ ಬಹುಪಾಲು ಗಾಳಿ ಬೀಸುವುದು ಆಗ್ನೇಯದಿಂದ. ಸಮುದ್ರದ ತೇವ ಹೊತ್ತು ಬರುವ ಆ ವಾಣಿಜ್ಯ ಮಾರುತಕ್ಕೆ ಮೊದಲು ಎದುರಾಗುವುದು ಸುವಾ. ಬೆಟ್ಟವೇರುತ್ತ ಗಾಳಿ ತನ್ನ ನೀರನ್ನು ಅಲ್ಲೇ ಸುರಿಸಿಬಿಡುತ್ತದೆ. ಆಚೆ ಬದಿಗೆ, ನಾಂದಿ, ಲೌಟೋಕಾ, ಬಾ ಕಡೆಗೆ ಇಳಿಯುವಾಗ ಅದರಲ್ಲಿ ಉಳಿದಿರುವುದು ಬರೀ ಗಾಳಿ. ನಮ್ಮ ಮಲೆನಾಡು–ಬಯಲುಸೀಮೆಯ ಕಥೆಯೇ, ಚಿಕ್ಕ ಅಳತೆಯಲ್ಲಿ. ಸುವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ನಾಂದಿಯಲ್ಲಿ ಸುಮಾರು 1,900. ಒಣಗಾಲದಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಜುಲೈನಲ್ಲಿ ನಾಂದಿಗೆ ಬರುವುದು 50 ಮಿಲಿಮೀಟರಿನ ಆಸುಪಾಸು; ಸುವಾದಲ್ಲಿ ಅದೇ ತಿಂಗಳು ನೂರು ದಾಟುವುದು ಮಾಮೂಲು.

ಸುವಾದಿಂದ ಕ್ವೀನ್ಸ್ ರೋಡ್ ಹಿಡಿದು ಬಸ್ಸಿನಲ್ಲಿ ಪಶ್ಚಿಮಕ್ಕೆ ಬಂದರೆ ಇದು ಕಣ್ಣಿಗೇ ಕಾಣುತ್ತದೆ. ಮೊದಲು ರಸ್ತೆಯ ಮೇಲೆ ಬಾಗಿದ ಕಾಡು, ಕಲ್ಲಿನ ಮೇಲೂ ಪಾಚಿ. ಸಿಂಗಾತೋಕಾ ಹತ್ತಿರ ಬರುವ ಹೊತ್ತಿಗೆ ಹಸಿರು ತೆಳುವಾಗುತ್ತದೆ. ಆಮೇಲೆ ಕಬ್ಬಿನ ಹೊಲ, ಹಿಂದೆ ಬೋಳು ಗುಡ್ಡಗಳು. ಮಗಳಿಗೆ ಒಂದು ಒಳ್ಳೆ ಕೊಡೆ ಕಳಿಸಿ, ತಾಯಿ. ಅಲ್ಲಿ ಕೊಡೆ ಬಹಳ ದಿನ ಬಾಳುವುದಿಲ್ಲ.

ಪ್ರಶ್ನೆ: ನವೆಂಬರ್ ಕೊನೆಗೆ ನಾಂದಿಯಲ್ಲಿ ತಮ್ಮನ ಮದುವೆ, ತೆರೆದ ಹುಲ್ಲುಹಾಸಿನ ಮೇಲೆ. "ಅಕ್ಟೋಬರ್–ಡಿಸೆಂಬರ್: ವಾಡಿಕೆಗಿಂತ ಕಡಿಮೆ ಮಳೆಯ ಸಾಧ್ಯತೆ 50%, ವಾಡಿಕೆ ಮಳೆ 30%, ಹೆಚ್ಚು 20%" ಎಂಬ ಋತುಮಾನ ಮುನ್ನೋಟ ನೋಡಿದೆವು. ಅಂದರೆ ಶಾಮಿಯಾನ ಬೇಡ ತಾನೇ?

ಶಾಮಿಯಾನ ಬೇಕು. ಯಾಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜನ ಇದೇ ಜಾಗದಲ್ಲಿ ಎಡವಿದ್ದಾರೆ.

ಲೌಟೋಕಾದಲ್ಲೋ ನಾಂದಿಯಲ್ಲೋ ಕಳೆದ ಮೂವತ್ತು ವರ್ಷಗಳಲ್ಲಿ ಅಕ್ಟೋಬರ್–ಡಿಸೆಂಬರಿನಲ್ಲಿ ಬಿದ್ದ ಒಟ್ಟು ಮಳೆಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆಯಿರಿ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಕೆಳಗಿನ ಹತ್ತು ವರ್ಷ 'ಕಡಿಮೆ', ನಡುವಿನ ಹತ್ತು 'ವಾಡಿಕೆ', ಮೇಲಿನ ಹತ್ತು 'ಹೆಚ್ಚು'. ಮುಂದಿನ ವರ್ಷ ಏನಾಗುತ್ತದೆ ಅಂತ ಏನೇನೂ ಗೊತ್ತಿಲ್ಲದಿದ್ದರೆ ಮೂರಕ್ಕೂ ಸಮಪಾಲು, ತಲಾ 33%. ಕಡಲಿನ ಉಷ್ಣತೆ ನೋಡಿ, ಕಂಪ್ಯೂಟರ್ ಮಾದರಿಗಳನ್ನು ಓಡಿಸಿ, ಫಿಜಿ ಹವಾಮಾನ ಇಲಾಖೆಯವರು ಒಂದು ಪಾಲನ್ನು 33ರಿಂದ 50ಕ್ಕೆ ಏರಿಸುತ್ತಾರೆ. ಅವರಿಗೆ ಗೊತ್ತಾಗಿರುವುದು ಅಷ್ಟು. ತೂಕ ಒಂದು ಕಡೆ ವಾಲಿದೆ, ಆದರೆ ಉಳಿದ ಎರಡು ಪಾಲು ಸೇರಿದರೆ ಇನ್ನೂ 50% ಇದೆ.

ಇನ್ನೊಂದು ಮಾತು. ಅದು ಮೂರು ತಿಂಗಳ ಒಟ್ಟು ಮಳೆಯ ಲೆಕ್ಕ. ಮದುವೆಯ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ. ಉಷ್ಣವಲಯದಲ್ಲಿ ಮೋಡಗಳ ಒಂದು ದೊಡ್ಡ ಗುಂಪು ಹಿಂದೂ ಮಹಾಸಾಗರದಿಂದ ಪೂರ್ವಕ್ಕೆ ಸರಿಯುತ್ತ, 30ರಿಂದ 60 ದಿನಕ್ಕೊಮ್ಮೆ ಸುತ್ತು ಬರುತ್ತದೆ. ಅದು ಫಿಜಿಯ ಹತ್ತಿರ ಬಂದ ವಾರ, ಬರಗಾಲದ ವರ್ಷದಲ್ಲೂ ಚರಂಡಿ ತುಂಬಿ ಹರಿಯಬಹುದು. ಆ ಒಂದು ವಾರ ಬಿಟ್ಟು ಉಳಿದೆಲ್ಲ ಒಣಗಿದ್ದರೆ ಮುನ್ನೋಟ ನಿಜವಾದಂತೆಯೇ ಲೆಕ್ಕ. ನಿಮ್ಮ ತಮ್ಮನ ಮದುವೆ ಮಾತ್ರ ನೀರುಪಾಲು.

'ಕಡಿಮೆ' ಎಂಬುದು ಆಯಾ ಊರಿನ ವಾಡಿಕೆಗೆ ಹೋಲಿಸಿ ಹೇಳುವ ಮಾತು. ಸುವಾದ 'ಕಡಿಮೆ' ಮಳೆ ಎಷ್ಟೋ ಸಲ ಲೌಟೋಕಾದ 'ಹೆಚ್ಚು' ಮಳೆಗಿಂತ ಜಾಸ್ತಿ ಇರುತ್ತದೆ. ನಕ್ಷೆಯಲ್ಲಿ ಎರಡೂ ಕಡೆ 'ಕಡಿಮೆ'ಯ ಕಂದು ಬಣ್ಣ ಬಳಿದಿದ್ದರೆ ಎರಡೂ ಕಡೆ ಒಂದೇ ಪರಿಸ್ಥಿತಿ ಅಂತ ತಿಳಿಯಬೇಡಿ.

ಮುನ್ನೋಟ ಯಾವಾಗ ನೋಡಬೇಕು ಅಂತಲೂ ಕೇಳಿದ್ದೀರಿ. ಮಾರ್ಚ್–ಮೇ ಹೊತ್ತಿಗೆ ಪೆಸಿಫಿಕ್ ಸಾಗರ ಎಲ್ ನಿನ್ಯೊ ಕಡೆಗೋ ಅದರ ವಿರುದ್ಧ ಸ್ಥಿತಿಯ ಕಡೆಗೋ ವಾಲಲಿದೆ ಎಂದು ಹೇಳುವುದು ಮಾದರಿಗಳಿಗೆ ಬಹಳ ಕಷ್ಟ. ಆಗ ನೋಡಿದ್ದನ್ನು ನೆಚ್ಚಿಕೊಂಡು ಮುಂಗಡ ಕೊಡಬೇಡಿ. ಸೆಪ್ಟೆಂಬರಿನ ಮುನ್ನೋಟಕ್ಕೆ ಹೆಚ್ಚು ಬೆಲೆ. ಮದುವೆಗೆ ನಾಲ್ಕೈದು ದಿನ ಇರುವಾಗ ಮುನ್ನೋಟ ಮಡಚಿಟ್ಟು ದಿನದ ಮುನ್ಸೂಚನೆ ನೋಡಿ. ಮುಹೂರ್ತ ಬೆಳಿಗ್ಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಪಶ್ಚಿಮದ ಊರುಗಳಲ್ಲಿ ಮಳೆಗಾಲದ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ.

ಪ್ರಶ್ನೆ: ಪೆರು ದೇಶದ ಕಡಲು ಬಿಸಿಯಾದರೆ ಸಾವಿರಾರು ಕಿಲೋಮೀಟರ್ ದೂರದ ಫಿಜಿಯಲ್ಲಿ ಮಳೆ ಯಾಕೆ ಕಡಿಮೆಯಾಗಬೇಕು? ಪದವಿ ತರಗತಿಯಲ್ಲಿ ಓದಿದೆ, ಅರ್ಥವಾಗಲಿಲ್ಲ.

ಪೆರುವನ್ನು ಪಕ್ಕಕ್ಕಿಡಿ. ಫಿಜಿಯ ಮಳೆಗೆ ಮುಖ್ಯವಾದದ್ದು ದಕ್ಷಿಣ ಪೆಸಿಫಿಕ್ ಸಂಗಮ ವಲಯ ಎಂಬ ಉದ್ದನೆಯ ಮೋಡದ ಪಟ್ಟಿ. ಸೊಲೊಮನ್ ದ್ವೀಪಗಳ ಕಡೆಯಿಂದ ಹೊರಟು, ಆಗ್ನೇಯಕ್ಕೆ ಓರೆಯಾಗಿ, ಫಿಜಿ–ಸಮೋವಾ ಹತ್ತಿರದಿಂದ ಫ್ರೆಂಚ್ ಪಾಲಿನೇಷ್ಯಾದತ್ತ ಚಾಚಿಕೊಂಡಿರುತ್ತದೆ. ಎರಡು ದಿಕ್ಕಿನ ಗಾಳಿಗಳು ಅಲ್ಲಿ ಸೇರಿ ಮೇಲೇಳುತ್ತವೆ, ಮಳೆ ಸುರಿಯುತ್ತದೆ. ಆ ಪಟ್ಟಿ ತಲೆಯ ಮೇಲಿದ್ದರೆ ಮಳೆ, ಸರಿದು ನಿಂತರೆ ಬಿಸಿಲು.

ಮಾಮೂಲು ವರ್ಷಗಳಲ್ಲಿ ವಾಣಿಜ್ಯ ಮಾರುತಗಳು ಸಮಭಾಜಕದ ಬಿಸಿನೀರನ್ನು ಪಶ್ಚಿಮಕ್ಕೆ ತಳ್ಳಿ ಇಂಡೋನೇಷ್ಯಾದ ಕಡೆ ಒಟ್ಟುಗೂಡಿಸುತ್ತವೆ. ಎಲ್ ನಿನ್ಯೊ ಬಂದಾಗ ಆ ಗಾಳಿ ಸೋಲುತ್ತದೆ, ಬಿಸಿನೀರು ಸಾಗರದ ನಡುವಿಗೆ, ಪೂರ್ವಕ್ಕೆ ಸರಿಯುತ್ತದೆ. ಮೋಡದ ಪಟ್ಟಿ ಬಿಸಿನೀರನ್ನು ಹಿಂಬಾಲಿಸಿ ಈಶಾನ್ಯಕ್ಕೆ ಹೋಗುತ್ತದೆ, ಫಿಜಿ ಹೊರಗುಳಿಯುತ್ತದೆ. ಇದರ ವಿರುದ್ಧ ಸ್ಥಿತಿಯಾದ ಲಾ ನಿನ್ಯಾದಲ್ಲಿ ಪಟ್ಟಿ ನೈಋತ್ಯಕ್ಕೆ ಬರುತ್ತದೆ, ಫಿಜಿ ತೊಯ್ಯುತ್ತದೆ. 2010ರಿಂದ 2012ರವರೆಗೆ ಬಹುಪಾಲು ಲಾ ನಿನ್ಯಾ ಇತ್ತು. 2012ರಲ್ಲಿ ನಾಂದಿ ಪಟ್ಟಣ ಜನವರಿಯಲ್ಲಿ ಒಮ್ಮೆ, ಮಾರ್ಚ್ ಕೊನೆಯಲ್ಲಿ ಮತ್ತೊಮ್ಮೆ ಮುಳುಗಿತು. ಮೊದಲ ನೆರೆಯ ಕೆಸರು ಬಳಿದು ಅಂಗಡಿಗಳಿಗೆ ಹೊಸ ಸರಕು ತುಂಬಿಸಿದವರು ಮತ್ತೆ ಕೆಸರು ಬಳಿಯಬೇಕಾಯಿತು.

ಪರೀಕ್ಷೆಯಲ್ಲಿ "ಎಲ್ ನಿನ್ಯೊ ಬಂದರೆ ಪೆಸಿಫಿಕ್ ದ್ವೀಪಗಳಲ್ಲಿ ಬರ" ಅಂತ ಮಾತ್ರ ಬರೆಯಬೇಡಿ. ಅಂಕ ಹೋಗುತ್ತದೆ, ಹೋಗಲೂಬೇಕು. ಸಮಭಾಜಕಕ್ಕೆ ಅಂಟಿಕೊಂಡ ಕಿರಿಬಾಸ್‌ನಲ್ಲಿ ಎಲ್ ನಿನ್ಯೊ ಎಂದರೆ ಮಳೆ, ಲಾ ನಿನ್ಯಾ ಎಂದರೆ ಬರ. ಲಾ ನಿನ್ಯಾ ಇದ್ದ 2011ರಲ್ಲಿ ಟುವಾಲು ದೇಶ ಕುಡಿಯುವ ನೀರಿಲ್ಲದೆ ತುರ್ತುಪರಿಸ್ಥಿತಿ ಘೋಷಿಸಿತು. ಫಿಜಿಯ ಉತ್ತರಕ್ಕಿರುವ ನೆರೆಯ ದೇಶ ಅದು.

ಈ ಏರುಪೇರಿನ ಮುಖ್ಯ ಸುಳಿವೊಂದು ಸಿಕ್ಕಿದ್ದು ಭಾರತದಲ್ಲಿ ಕೂತು ಲೆಕ್ಕ ಹಾಕುತ್ತಿದ್ದವರಿಗೆ. 1904ರಿಂದ 1924ರವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಗಣಿತದವರು. ನಮ್ಮ ಮುಂಗಾರು ಯಾವ ವರ್ಷ ಕೈಕೊಡುತ್ತದೆ ಎಂದು ಹುಡುಕುತ್ತ, ಪೆಸಿಫಿಕ್‌ನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವುದನ್ನು ಗುರುತಿಸಿದರು. ಇಂದಿಗೂ ತಹೀತಿ ದ್ವೀಪ ಮತ್ತು ಆಸ್ಟ್ರೇಲಿಯಾದ ಡಾರ್ವಿನ್ ಊರಿನ ವಾಯುಭಾರದ ವ್ಯತ್ಯಾಸವನ್ನು ಸೂಚ್ಯಂಕವಾಗಿ ಬಳಸುತ್ತಾರೆ. ಗಾಳಿಯ ಈ ಏರಿಳಿತಕ್ಕೂ ಕಡಲ ಬಿಸಿಗೂ ಗಂಟು ಹಾಕಿ ವಿವರಿಸಿದ್ದು 1969ರಲ್ಲಿ, ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್.

ಪ್ರಶ್ನೆ: ಎಲ್ ನಿನ್ಯೊ ಒಣ ವರ್ಷವಾದರೆ, 2016ರ ಎಲ್ ನಿನ್ಯೊದಲ್ಲಿ ವಿನ್‌ಸ್ಟನ್ ಚಂಡಮಾರುತ ಹೇಗೆ ಬಂತು?

ಮಳೆಯ ಲೆಕ್ಕ ಬೇರೆ, ಚಂಡಮಾರುತದ ಲೆಕ್ಕ ಬೇರೆ. ಎಲ್ ನಿನ್ಯೊದಲ್ಲಿ ಬಿಸಿನೀರು ಪೂರ್ವಕ್ಕೆ ಹರಡುವುದರಿಂದ ಚಂಡಮಾರುತ ಹುಟ್ಟುವ ಜಾಗವೂ ಪೂರ್ವಕ್ಕೆ ಹಿಗ್ಗುತ್ತದೆ. ವಿನ್‌ಸ್ಟನ್ ಟೋಂಗಾದ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ತಿರುಗಿ, 2016ರ ಫೆಬ್ರವರಿ 20ರಂದು ಫಿಜಿಯ ಮೇಲೆ ಬಂದು, ರಾಕಿರಾಕಿ ಕಡೆಯಿಂದ ವೀಟಿ ಲೇವುವನ್ನು ಹೊಕ್ಕಿತು. ಗಾಳಿಯ ವೇಗ ಗಂಟೆಗೆ 280 ಕಿಲೋಮೀಟರ್; 44 ಜನ ಸತ್ತರು. 2020ರ ಡಿಸೆಂಬರಿನಲ್ಲಿ ವನುವಾ ಲೇವು ದ್ವೀಪವನ್ನು ಹೊಡೆದ ಯಾಸಾ ಕೂಡ ವಿನ್‌ಸ್ಟನ್‌ನಂತೆ ಐದನೇ, ಅಂದರೆ ಅತಿ ಪ್ರಬಲ, ದರ್ಜೆಯದೇ, ಆದರೆ ಅದು ಬಂದದ್ದು ಲಾ ನಿನ್ಯಾದಲ್ಲಿ. ಚಂಡಮಾರುತಕ್ಕೆ ಸಿದ್ಧರಾಗುವುದನ್ನು ಯಾವ ವರ್ಷವೂ ಬಿಡುವಂತಿಲ್ಲ.

ಪ್ರಶ್ನೆ: ಬಾ ಊರಿನಲ್ಲಿ ನಮ್ಮ ಪರಿಚಯದವರ ಕಬ್ಬಿನ ತೋಟವಿದೆ. ಮುನ್ನೋಟದಲ್ಲಿ 'ಹೆಚ್ಚು ಮಳೆ' ಎಂದಾಗಲೂ ಅವರು ಗೊಣಗುತ್ತಾರೆ, 'ಕಡಿಮೆ' ಎಂದಾಗಲೂ ಗೊಣಗುತ್ತಾರೆ. ರೈತನಿಗೆ ಮಳೆ ಬೇಡವೇ?

ಬೇಕು, ಯಾವಾಗ ಎನ್ನುವುದು ಪ್ರಶ್ನೆ. ಫಿಜಿಯ ಕಬ್ಬು ಬಹುಪಾಲು ಮಳೆಯನ್ನೇ ನಂಬಿದ್ದು, ಕಾಲುವೆ ಇಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಬೆಳೆ ಎತ್ತರಕ್ಕೆ ಏಳಬೇಕು, ಆಗ ಮಳೆ ತಪ್ಪಿದರೆ ಗೆಣ್ಣು ಗಿಡ್ಡ. 1997–98ರ ಎಲ್ ನಿನ್ಯೊ ಬರದಲ್ಲಿ ಪಶ್ಚಿಮದ ಕಬ್ಬು ನೆಲಕಚ್ಚಿತು, ಸರ್ಕಾರ ಊರೂರಿಗೆ ಆಹಾರ, ನೀರು ಸಾಗಿಸಬೇಕಾಯಿತು.

ಜೂನ್ ಬಂತೆಂದರೆ ರೈತನ ಆಸೆ ಉಲ್ಟಾ. ಕಟಾವು ಶುರು, ಗಿರಣಿ ತಿರುಗುತ್ತದೆ, ವರ್ಷದ ಕೊನೆಯವರೆಗೂ. ಈಗ ಒಣಹವೆ, ತಂಪು ರಾತ್ರಿ ಬೇಕು. ಆಗಲೇ ಕಬ್ಬಿನಲ್ಲಿ ಸಕ್ಕರೆ ಕೂಡುವುದು. ಮಳೆ ಬಂದರೆ ಸಿಹಿ ಇಳಿಯುತ್ತದೆ, ಕೆಸರಿನಲ್ಲಿ ಲಾರಿ ಹೂತುಕೊಳ್ಳುತ್ತದೆ, ಕಡಿಯುವವರು ಮನೆಯಲ್ಲಿ ಕೂರುತ್ತಾರೆ. ಕಡಿಯುವ ಮುಂಚೆ ಒಣಗರಿ ಸುಡಲು ಬೆಂಕಿ ಹಾಕಿದ ಕಬ್ಬನ್ನು ಬೇಗ ಅರೆಯದಿದ್ದರೆ ರಸ ಕೆಡುತ್ತದೆ. ಲೌಟೋಕಾದಲ್ಲಿ ನಮ್ಮ ಮನೆ ಗಿರಣಿಯಿಂದ ದೂರವಿರಲಿಲ್ಲ. ಒಣ ಸೆಪ್ಟೆಂಬರಿನ ಸಂಜೆ ಹೊಲ ಸುಟ್ಟರೆ ಕಪ್ಪು ಗರಿಯಂಥ ಬೂದಿ ತೇಲಿಬಂದು ಹಗ್ಗದ ಮೇಲಿನ ಬಿಳಿ ಬಟ್ಟೆಗೆ ಅಂಟುತ್ತಿತ್ತು. ಕೊಡವಬೇಕು, ಒರೆಸಿದರೆ ಮಸಿಯಾಗುತ್ತದೆ. ನಾನು ಶಪಿಸುತ್ತಿದ್ದೆ, ಪಕ್ಕದ ಮನೆಯ ಅಜ್ಜಿ, ಕರಾರಿನ ಮೇಲೆ ಭಾರತದಿಂದ ಬಂದ ಗಿರ್ಮಿಟಿಯಾ ಕೂಲಿಗಳ ಮೊಮ್ಮಗಳು, "ಬೂದಿ ಬೀಳಲಿ ಬಹೂ, ಮಳೆ ಬೀಳದಿದ್ದರೆ ಸಾಕು" ಎನ್ನುತ್ತಿದ್ದರು. ಗಿರಣಿಯ ಗೇಟಿನ ಮುಂದೆ ಲಾರಿಗಳ ಸಾಲು ನಿಂತಿದೆಯೋ ಇಲ್ಲವೋ ಎಂದು ನೋಡಿದರೆ ಆ ವಾರದ ಹವೆ ಹೇಗಿತ್ತೆಂದು ಗೊತ್ತಾಗುತ್ತಿತ್ತು.

ಹಾಗಾಗಿ ನಿಮ್ಮ ಪರಿಚಯದವರು ಗೊಣಗುವುದರಲ್ಲಿ ತಪ್ಪಿಲ್ಲ. ಸೆಪ್ಟೆಂಬರ್–ನವೆಂಬರಿಗೆ 'ಹೆಚ್ಚು ಮಳೆ' ಎಂದರೆ ಕೆಟ್ಟ ಸುದ್ದಿ, ಜನವರಿ–ಮಾರ್ಚಿಗೆ 'ಕಡಿಮೆ' ಎಂದರೂ ಕೆಟ್ಟ ಸುದ್ದಿ. ಮೊದಲನೆಯದಾದರೆ ತಗ್ಗಿನ, ಮಳೆ ಬಂದರೆ ಲಾರಿ ಹೋಗಲಾರದ ಹೊಲಗಳನ್ನು ಮೊದಲು ಕಡಿಸಲಿ, ರಸ್ತೆ ಪಕ್ಕದ್ದನ್ನು ಕೊನೆಗಿಡಲಿ. ಮುನ್ನೋಟದಿಂದ ರೈತನಿಗೆ ಆಗುವ ಉಪಯೋಗ ಇಂಥದ್ದೇ: ಯಾವುದು ಮೊದಲು, ಯಾವುದು ಆಮೇಲೆ.

ಪ್ರಶ್ನೆ: ಮಾವು, ದೀವಿಹಲಸು ಮಿತಿಮೀರಿ ಬಿಟ್ಟರೆ ಆ ವರ್ಷ ಚಂಡಮಾರುತ ಎಂದು ಫಿಜಿಯ ಹಿರಿಯರು ಹೇಳುತ್ತಾರಂತೆ. ನಿಜವೇ?

ಹೇಳುವುದು ನಿಜ. ಮಾವಿನ ಮರ ಹೂ ಬಿಡುವುದು ಕಳೆದ ತಿಂಗಳುಗಳ ಒಣಹವೆ, ತಂಪು ನೋಡಿ. ಬರುವ ಫೆಬ್ರವರಿಯ ಗಾಳಿ ಅದಕ್ಕೆ ಕಾಣುವುದಿಲ್ಲ. ಆದರೂ ನಾನು ಆ ಮಾತನ್ನು ತಳ್ಳಿಹಾಕುವುದಿಲ್ಲ. ಹಿರಿಯರು ಆ ಮಾತು ಹೇಳಿದ ವರ್ಷ ಹಳ್ಳಿಯವರು ಛಾವಣಿ ಬಿಗಿಯುತ್ತಾರೆ, ಗೆಡ್ಡೆಗೆಣಸು ಕೂಡಿಡುತ್ತಾರೆ. ದೀವಿಹಲಸನ್ನು ಗುಂಡಿಯಲ್ಲಿ ಹುದುಗಿಸಿ ಇಡುವ ಹಳೆಯ ರೂಢಿಯೂ ಇತ್ತು. ನಮ್ಮ ಬಣ್ಣಬಣ್ಣದ ನಕ್ಷೆ ಓದಿ ಛಾವಣಿ ಬಿಗಿದವರನ್ನು ನಾನು ಕಡಿಮೆ ನೋಡಿದ್ದೇನೆ.

ಪ್ರಶ್ನೆ: ಹವಾಮಾನ ಬದಲಾವಣೆಯಿಂದ ಫಿಜಿಯಲ್ಲಿ ಮಳೆ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ? ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಮೊದಲು ಹೇಳಿದ ಆ ಮೋಡದ ಪಟ್ಟಿ ಮುಂದೆ ಎತ್ತ ಸರಿಯುತ್ತದೆ ಎಂಬುದರಲ್ಲಿ ಮಾದರಿಗಳಿಗೇ ಒಮ್ಮತವಿಲ್ಲ. ಆದ್ದರಿಂದ ವರ್ಷದ ಒಟ್ಟು ಮಳೆಯ ಬಗ್ಗೆ ಯಾರೂ ಪಂದ್ಯ ಕಟ್ಟಬಾರದು. ಸುರಿಯುವ ರೀತಿಯ ಬಗ್ಗೆ ಮಾತ್ರ ಅನುಮಾನ ಕಡಿಮೆ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಸುಮಾರು 7% ಹೆಚ್ಚು ತೇವ ಹಿಡಿಯಬಲ್ಲದು, ಅದು ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಚಂಡಮಾರುತಗಳ ಸಂಖ್ಯೆ ಏರದಿದ್ದರೂ ಅವುಗಳಲ್ಲಿ ಪ್ರಬಲವಾದವುಗಳ ಪಾಲು ಏರುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿ ಹೇಳುತ್ತದೆ.

ಕಡಲು ಏರುವುದರಲ್ಲಿ ಚರ್ಚೆಯೇ ಇಲ್ಲ. ವನುವಾ ಲೇವುವಿನ ವುನಿಂದೊಂಗೊಲೋವಾ ಎಂಬ ಕರಾವಳಿ ಹಳ್ಳಿಯನ್ನು 2014ರಲ್ಲೇ ಒಳನಾಡಿಗೆ ಎತ್ತಂಗಡಿ ಮಾಡಿದರು. ತೀರದ ನೆಲ ಕೊಚ್ಚಿ, ಉಬ್ಬರದ ನೀರು ಮನೆಗಳಿಗೆ ನುಗ್ಗುತ್ತಿತ್ತು. ಮಳೆ ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ಮುಗಿಯಲಿ ಎಂದು ಅವರು ಕಾಯುವಂತಿರಲಿಲ್ಲ.

ಪ್ರಶ್ನೆ: ಜನವರಿಯಲ್ಲಿ ಹನಿಮೂನ್‌ಗೆ ಮಮನುಥಾ ದ್ವೀಪಗಳು. ಹೋಗಬಹುದೇ?

ಹೋಗಿ. ಸೆಖೆ ಇರುತ್ತದೆ, ಮಧ್ಯಾಹ್ನ ಮಳೆ ಇರುತ್ತದೆ, ದರ ಕಡಿಮೆ ಇರುತ್ತದೆ. ಚಂಡಮಾರುತಕ್ಕೆ ದುಡ್ಡು ವಾಪಸು ಕೊಡುವ ಟಿಕೆಟ್ಟೇ ಆಗಲಿ. ಆಯ್ಕೆ ಇದ್ದರೆ ಜುಲೈ–ಆಗಸ್ಟ್.

ಪ್ರಶ್ನೆ: ಯಸಾವಾ ದ್ವೀಪವೊಂದರ ಶಾಲೆಯಲ್ಲಿ ಸ್ವಯಂಸೇವಕನಾಗಿದ್ದೇನೆ. ಛಾವಣಿಯಿಂದ ಇಳಿಯುವ ಮಳೆನೀರೇ ಕುಡಿಯಲು. ಟ್ಯಾಂಕು ಅರ್ಧಕ್ಕೆ ಬಂದಿದೆ, ಮುಂದಿನ ಮೂರು ತಿಂಗಳಿಗೆ 'ಕಡಿಮೆ ಮಳೆ' ಎಂದು ಮುನ್ನೋಟ. ನೀರಿನ ದೋಣಿಗೆ ಈಗಲೇ ಹೇಳಬೇಕೇ, ಕಾಯಬೇಕೇ?

ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಛಾವಣಿ 100 ಚದರ ಮೀಟರ್ ಎಂದಿಟ್ಟುಕೊಳ್ಳಿ; ನಾಂದಿಯ ಜುಲೈನಂತೆ ತಿಂಗಳಿಗೆ 50 ಮಿಲಿಮೀಟರ್ ಬಂದರೆ 5,000 ಲೀಟರ್. ಸೂರಿನ ಕೊಳವೆಯಲ್ಲಿ ಸೋರಿದ್ದು, ಬಿಸಿ ತಗಡಿನ ಮೇಲೆ ಆವಿಯಾದದ್ದು ಕಳೆದರೆ 4,000 ಎನ್ನಿ. ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ 5 ಲೀಟರಿನಂತೆ 40 ಮಕ್ಕಳಿಗೆ ದಿನಕ್ಕೆ 200 ಲೀಟರ್, ಇಪ್ಪತ್ತು ದಿನಕ್ಕೆ ಮುಗಿಯಿತು. ವಾಡಿಕೆಯ ಮಳೆ ಬಂದರೂ ನಿಮಗೆ ಸಾಲದು. ಹಾಗಿರುವಾಗ 'ಕಡಿಮೆ' ಎಂಬ ಮುನ್ನೋಟ 40% ಇದ್ದರೇನು, 60% ಇದ್ದರೇನು? ಸಂಖ್ಯೆಗಳನ್ನು ನಿಮ್ಮ ಶಾಲೆಯದ್ದಾಗಿ ಬದಲಿಸಿ, ಟ್ಯಾಂಕಿನಲ್ಲಿ ಉಳಿದಿರುವುದನ್ನೂ ಸೇರಿಸಿ ನೋಡಿ. ಉತ್ತರ ಹೀಗೇ ಬಂದರೆ ಇವತ್ತೇ ಹೇಳಿ. ಒಣಗಾಲ ಬಲಿತ ಮೇಲೆ ಎಲ್ಲ ದ್ವೀಪಗಳೂ ಒಟ್ಟಿಗೆ ಕೇಳುತ್ತವೆ, ದೋಣಿಗಳು ಮಾತ್ರ ಅಷ್ಟೇ ಇರುತ್ತವೆ.

ಟ್ಯಾಂಕಿನ ಹೊರಮೈಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೀರು ಆ ಗೆರೆಗಿಂತ ಇಳಿದರೆ ಕೈಕಾಲು ತೊಳೆಯಲು ಬಾವಿಯ ಸವಳು ನೀರು, ಟ್ಯಾಂಕಿನದ್ದು ಬಾಯಿಗೆ ಮಾತ್ರ. ಬಡಿದು ನೋಡಿದರೆ ನೀರಿನ ಮಟ್ಟ ಎಲ್ಲಿದೆ ಎಂದು ಸದ್ದಿನಲ್ಲೇ ತಿಳಿಯುತ್ತದೆ. ಆ ಕೆಲಸ ಮಕ್ಕಳಿಗೆ ಕೊಡಿ, ಜಗಳವಾಡಿಕೊಂಡು ಮಾಡುತ್ತಾರೆ. ಬಹಳ ದಿನದ ಮೇಲೆ ಮಳೆ ಬಂದಾಗ ಮೊದಲ ಹತ್ತು ಹದಿನೈದು ನಿಮಿಷದ ನೀರು ಟ್ಯಾಂಕಿಗೆ ಬೇಡ. ಹಕ್ಕಿಯ ಹಿಕ್ಕೆ, ಧೂಳು, ಕಡಲಗಾಳಿ ತಂದ ಉಪ್ಪು ಎಲ್ಲ ಅದರಲ್ಲೇ ಇರುತ್ತದೆ. ಕೊಳವೆಯನ್ನು ಪಕ್ಕಕ್ಕೆ ತಿರುಗಿಸಿ, ಆ ನೀರು ಶಾಲೆಯ ಬಾಳೆಗಿಡಗಳಿಗೆ ಹೋಗಲಿ.